ಗೀಟು ಹೊಡೆಯದ ರಫ್ ಬುಕ್

ನಾನು ವಿದ್ಯಾರ್ಥಿಗಳ ಕೌನ್ಸೆಲರ್. ಮೊದಲ ಇಂಟರ್ನಲ್ಸ್ ಮುಗಿದ ವಾರ ನನ್ನ ಕೋಣೆಗೆ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್‌ನವರು ಒಬ್ಬರಾದರೂ ಬರುತ್ತಾರೆ. ಪ್ರತಿ ವರ್ಷ. ಕಥೆ ಹೆಚ್ಚುಕಡಿಮೆ ಒಂದೇ. ಡಿಗ್ರಿಯಲ್ಲಿ ತೊಂಬತ್ತರ ಮೇಲೆ, ಇಲ್ಲಿ ಇಪ್ಪತ್ತಕ್ಕೆ ಮೂರು. ಅದಕ್ಕೇ ಈ ಹುಡುಗಿಯ ವಿಷಯ ಬರೆಯುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆದಿದ್ದು. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಮಲೆನಾಡಿನ ಕಡೆಯವಳು. ಅಪ್ಪನದು ಸಣ್ಣ ಅಂಗಡಿ. ಬಿಎಸ್ಸಿಯಲ್ಲಿ ಕಾಲೇಜಿಗೇ ಫಸ್ಟ್. ಬೆಂಗಳೂರಿನಲ್ಲಿರುವ ಚಿಕ್ಕಪ್ಪ "ಡೇಟಾ ಸೈನ್ಸ್‌ಗೆ ಡಿಮ್ಯಾಂಡ್ ಇದೆ, ಸ್ಟ್ಯಾಟ್ಸ್ ತಗೋ" ಅಂದಿದ್ದರಂತೆ. ಈಗ ಅದೇ ಚಿಕ್ಕಪ್ಪ "ಬಿಟ್ಟು ಬಾ, ಆರು ತಿಂಗಳ ಆನ್‌ಲೈನ್ ಕೋರ್ಸ್ ಸಾಕು" ಅನ್ನುತ್ತಿದ್ದಾರೆ. ಅವಳು ಬಂದಿದ್ದು ಸಲಹೆಗಲ್ಲ, ಬಿಡುವುದಕ್ಕೆ ಯಾರಾದರೂ ದೊಡ್ಡವರು ಹೂಂ ಅನ್ನಲಿ ಅಂತ.

ಮೊದಲ ದಿನ ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯುವ ಯೋಚನೆ ಏನಾದರೂ ಬರುತ್ತದಾ ಅಂತಲೂ ನೇರವಾಗಿ ಕೇಳಿದೆ. ಈ ಪ್ರಶ್ನೆಗೆ ನಾವು ಹೆದರಬಾರದು. ಇಲ್ಲ ಅಂದಳು. ನಿದ್ದೆ ಕೆಟ್ಟಿತ್ತು, ಅಷ್ಟೇ. ಮುಂದಿನ ಸಲ ನೋಟ್ಸ್, ರಫ್ ಬುಕ್ ಎರಡೂ ತಗೊಂಡು ಬಾ ಅಂದೆ.

ತಂದಳು. ನಾನು ನೋಡಿದ್ದು ರಫ್ ಬುಕ್ಕನ್ನು. ಅಕ್ಷರ ಮುತ್ತಿನ ಹಾಗಿತ್ತು. ಉತ್ತರಕ್ಕೆಲ್ಲ ಸ್ಕೇಲಿಟ್ಟು ಬಾಕ್ಸ್ ಹಾಕಿದ್ದಳು. ಎಂಬತ್ತು ಪುಟದಲ್ಲಿ ಒಂದು ಸಾಲಿಗೂ ಗೀಟು ಹೊಡೆದಿರಲಿಲ್ಲ.

"ಇದು ರಫ್ ಬುಕ್ಕಾ?"

"ಹೂಂ ಮೇಡಂ. ಮೊದಲು ಸಲ್ಯೂಷನ್ ನೋಡ್ತೀನಿ, ಅರ್ಥ ಮಾಡ್ಕೊಂಡು ಬರೀತೀನಿ."

ಒಂದು ಪುಟದಲ್ಲಿ ಕ್ರಾಮರ್-ರಾವ್ ಲೋವರ್ ಬೌಂಡ್ ಇತ್ತು. ಹೇಳು ಅಂದೆ, ಕಣ್ಣು ಮುಚ್ಚಿ ಒಪ್ಪಿಸಿದಳು. ಹಾಗಂದರೇನು ಅಂದೆ, ಸುಮ್ಮನಾದಳು. ಬಯಾಸ್ ಇಲ್ಲದ, ಅಂದರೆ ಸರಾಸರಿಯಲ್ಲಿ ನಿಜವಾದ ಬೆಲೆಗೇ ಬರುವ ಅಂದಾಜನ್ನು ಎಷ್ಟೇ ಜಾಣತನದಿಂದ ಹಾಕಿದರೂ ಅದರ ಏರಿಳಿತ ಒಂದು ಮಟ್ಟಕ್ಕಿಂತ ಕೆಳಗಿಳಿಯದು ಅನ್ನುವುದು ಅದರ ತಿರುಳು. ಆ ರಾವ್ ಅಂದರೆ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಕಲ್ಕತ್ತದಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಯಿಂದ ಈ ಬೌಂಡ್ ಹುಟ್ಟಿತು, 1945ರಲ್ಲಿ ಅಚ್ಚಾಯಿತು. ಇದನ್ನು ಹೇಳಿ, "ನೀನು ಕ್ಲಾಸಲ್ಲಿ ಕೊನೇ ಸಲ ಪ್ರಶ್ನೆ ಕೇಳಿದ್ದು ಯಾವಾಗ?" ಅಂದೆ. ಕೇಳೇ ಇಲ್ಲ ಅಂದಳು. ದಡ್ಡಿ ಅಂತ ಗೊತ್ತಾಗಿಬಿಡುತ್ತಲ್ಲ.

ನಾನು ಸೈಕಾಲಜಿಯವಳು. ನನ್ನ ಸ್ಟ್ಯಾಟ್ಸ್ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್‌ಗೆ ಮುಗಿಯಿತು. ಆದರೆ ಲೆಕ್ಚರರ್ ಗೆಳತಿಯೊಬ್ಬಳು ಹೇಳಿಕೊಟ್ಟ ಒಂದು ಒಗಟು ನನ್ನ ಹತ್ತಿರ ಇತ್ತು. ಪರ್ಸಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ಮೇಜಿನ ಮೇಲಿಟ್ಟೆ. ಹೆಡ್ ಬಿದ್ದು ಅದರ ಬೆನ್ನಿಗೇ ಹೆಡ್ ಬೀಳಬೇಕು. ಇಲ್ಲವೇ ಹೆಡ್ ಬಿದ್ದು ಅದರ ಬೆನ್ನಿಗೇ ಟೇಲ್. ಯಾವುದಕ್ಕೆ ಜಾಸ್ತಿ ಹೊತ್ತು ಕಾಯಬೇಕು?

"ಎರಡೂ ಒಂದೇ ಮೇಡಂ. ಎರಡಕ್ಕೂ ಒನ್ ಬೈ ಫೋರ್."

"ಹಾರಿಸಿ ನೋಡೋಣ."

ಅವಳು ಹಾರಿಸಿದಳು, ನಾನು ಬರೆದುಕೊಂಡೆ. ನಾಣ್ಯ ಎರಡು ಸಲ ಬೀರುವಿನ ಕೆಳಗೆ ಉರುಳಿತು. ಅರ್ಧ ಗಂಟೆಯಾದ ಮೇಲೆ ನೋಡಿದರೆ ಹೆಡ್-ಹೆಡ್‌ಗೇ ಜಾಸ್ತಿ ಕಾಯಬೇಕಾಗಿತ್ತು. ಅವಳ ಹುಬ್ಬು ಗಂಟಿಕ್ಕಿತು. "ಇದು ಚಾನ್ಸ್ ಇರ್ಬೇಕು" ಅಂದಳು. ಪೆನ್ನು ಕಿತ್ತುಕೊಂಡಳು. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಸಲಹೆಗಾರರಿಗೆ ಇದೇ ಕಷ್ಟದ ಕೆಲಸ, ಅಲ್ವಾ?

ಆಮೇಲೆ ತಲೆ ಎತ್ತಿದಳು. "ಮೇಡಂ, ಹೆಡ್ ಬಿದ್ದ ಮೇಲೆ ಟೇಲ್ ಬರದಿದ್ರೂ ನನ್ನ ಕೈಲಿ ಒಂದು ಹೆಡ್ ಉಳಿಯುತ್ತೆ. ಆದ್ರೆ ಹೆಡ್-ಹೆಡ್‌ಗೆ ಕಾಯುವಾಗ ಟೇಲ್ ಬಿತ್ತು ಅಂದ್ರೆ ಮತ್ತೆ ಮೊದಲಿಂದ!" ಹೆಡ್-ಟೇಲ್‌ಗೆ ಸರಾಸರಿ ನಾಲ್ಕು ಸಲ ಹಾರಿಸಬೇಕು, ಹೆಡ್-ಹೆಡ್‌ಗೆ ಆರು. ಅವಳೇ ತೆಗೆದಳು. ಆ ಪುಟದಲ್ಲಿ ಏಳು ಕಡೆ ಗೀಟು ಇತ್ತು.

ಬಿಡಬೇಡ ಅಂದೆ. ಈ ಸೆಮಿಸ್ಟರ್ ಪರೀಕ್ಷೆ ಬರಿ, ಒಂದು ಪೇಪರ್ ಹೋದರೆ ಹೋಗಲಿ. ದಿನಾ ಒಂದೇ ಲೆಕ್ಕ, ಒಂದು ಗಂಟೆ, ಸಲ್ಯೂಷನ್ ಮುಚ್ಚಿಟ್ಟು. ಬರದಿದ್ದರೆ ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಒಂದು ಸಾಲು ಬರೆದು, ಅದನ್ನೇ ಮೇಷ್ಟ್ರ ಹತ್ತಿರ ಒಯ್ಯಿ. ಜೂನ್‌ವರೆಗೆ ಆನ್‌ಲೈನ್ ಕೋರ್ಸಿಗೆ ಒಂದು ರೂಪಾಯಿಯೂ ಕಟ್ಟಬೇಡ.

ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರು "ನೀವು ಮಾಡಿದ್ದು ಟ್ಯೂಷನ್, ಕೌನ್ಸೆಲಿಂಗ್ ಅಲ್ಲ" ಅಂದರು. ಆತಂಕಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಡಬೇಕಿತ್ತಂತೆ. ಅದನ್ನೂ ಹೇಳಿಕೊಟ್ಟಿದ್ದೆ. ಆದರೆ ಅವಳ ಭಯ ಸುಮ್ನೆ ಹುಟ್ಟಿದ್ದಲ್ಲ. ತನಗೆ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಅದು ನಿಜವೂ ಆಗಿತ್ತು. ಗೈಡ್ ಓದಿ ತೊಂಬತ್ತು ತೆಗೆಯುವುದನ್ನು ಕಲಿಸಿದ್ದು ನಾವು. ಎಂಎಸ್ಸಿಯಲ್ಲಿ ಒಮ್ಮೆಗೇ "ಪ್ರೂವ್ ಮಾಡು" ಅಂದರೆ ಮಕ್ಕಳು ತಮ್ಮ ತಲೆಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಬರೀ ಉಸಿರಾಡು ಅಂತ ಹೇಳಿ ಕಳಿಸುವುದು ನನ್ನ ಮಟ್ಟಿಗೆ ಮೋಸ.

ಎಲ್ಲರಿಗೂ ಬಿಡಬೇಡ ಅಂತ ಹೇಳುವವಳಲ್ಲ ನಾನು. ಅದಕ್ಕೆ ಹಿಂದಿನ ವರ್ಷ ಒಬ್ಬ ಹುಡುಗ ಇದೇ ನಾಣ್ಯವನ್ನು ನಾಲ್ಕು ಸಲ ಹಾರಿಸಿ, "ಯಾವುದಾದ್ರೇನು ಮೇಡಂ" ಅಂತ ಕೆಳಗಿಟ್ಟಿದ್ದ. ಅವನಿಗೆ ಆರಾಮಾಗಿ ಬಿಡು ಅಂದೆ. ತಂದೆ ತಾಯಿಯರೇ, ನೌಕರಿಗೆ ಡಿಮ್ಯಾಂಡ್ ಇದೆಯಾ ಅಂತ ನನ್ನನ್ನು ಕೇಳುತ್ತೀರಿ. ಮಗು ತಪ್ಪು ಉತ್ತರದ ಮುಂದೆ ಎಷ್ಟು ಹೊತ್ತು ಕೂರುತ್ತದೆ ಅಂತ ಮನೆಯಲ್ಲೇ ನೋಡಬಹುದು.

ಅವಳಿಗೆ ಲೀನಿಯರ್ ಆಲ್ಜೀಬ್ರಾ ಪೇಪರ್ ಹೋಯಿತು. ಚಿಕ್ಕಪ್ಪ ಫೋನ್ ಮಾಡಿ ಚೆನ್ನಾಗಿ ದಬಾಯಿಸಿದರು. ಅವಳ ವಿಷಯ ಅವಳನ್ನೇ ಕೇಳಿ ಅಂದೆ. ಆ ರಾತ್ರಿ ಅವಳಿಂದ ಮೆಸೇಜ್ ಬಂತು: "ಮೇಡಂ, ಸಾಲಾಗಿ ಮೂರು ಹೆಡ್‌ಗೆ ಹದಿನಾಲ್ಕು ಬರ್ತಿದೆ. ಸರೀನಾ?" ನನಗೆ ಗೊತ್ತಿರಲಿಲ್ಲ. ಗೆಳತಿಗೆ ಫಾರ್ವರ್ಡ್ ಮಾಡಿದೆ.