ಗರ್ಭಕೋಶ ಜಾರಿದೆ ಅಂದರೆ ತೆಗೆಸಲೇಬೇಕಾ, ವ್ಯಾಯಾಮದಿಂದ ಕಡಿಮೆ ಆಗುತ್ತಾ?

ನಿಮಗೆ 42, ಎರಡು ಹೆರಿಗೆ ಆಗಿದೆ, ಎರಡನೇ ಹಂತ (ಅಂದರೆ ಯೋನಿಯ ಬಾಯಿಯ ಹತ್ತಿರದವರೆಗೆ ಇಳಿದಿದೆ) ಅಂದಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಆಪರೇಷನ್‌ಗೆ ಅವಸರ ಮಾಡಬೇಡಿ.

ನನ್ನದೂ ಎರಡನೇ ಹಂತವೇ. ಮೂಡಿಗೆರೆ ಕಡೆಯವಳು ನಾನು. ಕಾಫಿ ಕೊಯ್ಲಿನ ಕಾಲದಲ್ಲಿ ದಿನವಿಡೀ ನಿಂತು, ಹಣ್ಣಿನ ಚೀಲ ಎತ್ತಿ, ಸಂಜೆ ಹೊತ್ತಿಗೆ ಕೆಳಗೆ ಏನೋ ಉಂಡೆ ಬಂದು ಕೂತ ಹಾಗೆ ಭಾರ. ಬೆಳಿಗ್ಗೆ ಎದ್ದರೆ ಇರುತ್ತಿರಲಿಲ್ಲ. ಹಾಗಾಗಿ ಒಂದು ವರ್ಷ ಗಂಡನಿಗೂ ಹೇಳಲಿಲ್ಲ.

ಮೊದಲು ತೋರಿಸಿದ ಕಡೆ, ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ ಅಂದರು. ಕೆಗೆಲ್ ವ್ಯಾಯಾಮ, ಅಂದರೆ ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡುವುದು, ಮಾಡಿ ಅಂತಲೂ ಒಂದು ಮಾತು ಹೇಳಿದರು. ಮೂರು ತಿಂಗಳು ಮಾಡಿದೆ, ಭಾರ ಜಾಸ್ತಿಯೇ ಆಯಿತು. ಆಮೇಲೆ ಚಿಕ್ಕಮಗಳೂರಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಕೈಯಿಟ್ಟು ಪರೀಕ್ಷೆ ಮಾಡಿದಾಗಲೇ ಗೊತ್ತಾಗಿದ್ದು, ನಾನು ಮೇಲಕ್ಕೆ ಎಳೆದುಕೊಳ್ಳುತ್ತಲೇ ಇರಲಿಲ್ಲ, ಹೆರಿಗೆಯಲ್ಲಿ ತಿಣುಕಿದ ಹಾಗೆ ಕೆಳಕ್ಕೆ ತಳ್ಳುತ್ತಿದ್ದೆ! ತುಂಬಾ ಜನ ಹೀಗೇ ಮಾಡುತ್ತಾರಂತೆ. ಅದಕ್ಕೇ ಒಮ್ಮೆಯಾದರೂ ಗೊತ್ತಿರುವವರ ಹತ್ತಿರ ನೋಡಿಸಿ.

ಸರಿಯಾಗಿ ಮಾಡುವುದು ಹೀಗೆ. ನಾಲ್ಕು ಜನರ ಮಧ್ಯೆ ಗ್ಯಾಸ್ ಬಂದರೆ ತಡೆಯುತ್ತೇವೆ ಅಲ್ವಾ, ಆ ಬಿಗಿ. ಜೊತೆಗೆ ಒಂದಕ್ಕೆ ತಡೆದ ಹಾಗೆ ಮುಂದೂ ಬಿಗಿ ಹಿಡಿದು, ಎರಡನ್ನೂ ಒಳಗೆ, ಮೇಲಕ್ಕೆ ಎಳೆದುಕೊಳ್ಳಬೇಕು. ತೊಡೆ ಸಡಿಲ ಇರಲಿ, ಉಸಿರು ಕಟ್ಟಬೇಡಿ. ನಾನು 3 ಸೆಕೆಂಡಿನಿಂದ ಶುರು ಮಾಡಿ ನಿಧಾನಕ್ಕೆ 10ಕ್ಕೆ ಬಂದೆ. ಪ್ರತಿ ಸಲ ಪೂರ್ತಿ ಸಡಿಲ ಬಿಟ್ಟು, 10 ಸಲ, ದಿನಕ್ಕೆ ಮೂರು ಹೊತ್ತು. ನಿಜವಾಗಿ ಮೂತ್ರಕ್ಕೆ ಕೂತಾಗ ಮಧ್ಯೆ ತಡೆದು ಅಭ್ಯಾಸ ಮಾಡಬೇಡಿ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯಲ್ಲೂ ಒಂದನೇ, ಎರಡನೇ ಹಂತದವರು ಮೊದಲ ಆಯ್ಕೆಯಾಗಿ ಕನಿಷ್ಠ 16 ವಾರ, ಹೇಳಿಕೊಡುವವರ ಕಣ್ಗಾವಲಲ್ಲಿ ಈ ವ್ಯಾಯಾಮ ಮಾಡಿ ನೋಡಬಹುದು ಅಂತಿದೆ. ಹದಿನೈದು ದಿನಕ್ಕೆ ಬಿಟ್ಟುಬಿಡಬೇಡಿ.

ಕೆಮ್ಮು, ಸೀನು ಬರುವ ಮೊದಲು, ಬಿಂದಿಗೆ ಎತ್ತುವ ಮೊದಲು ಇದೇ ಬಿಗಿ ಹಿಡಿಯಿರಿ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿ ಮಾಡಿಕೊಳ್ಳಿ, ದಿನಾ ತಿಣುಕಿದರೆ ವ್ಯಾಯಾಮ ಮಾಡಿಯೂ ಸುಮ್ನೆ.

ನನ್ನದು ಪೂರ್ತಿ ಮೇಲೆ ಹೋಗಿಲ್ಲ. ಆದರೆ ಸಂಜೆಯ ಭಾರ ಹೋಯಿತು, ಮದುವೆಮನೆಯಲ್ಲಿ ದಿನವೆಲ್ಲಾ ನಿಲ್ಲುತ್ತೇನೆ. ವ್ಯಾಯಾಮ ಸಾಲದಿದ್ದರೆ ಪೆಸರಿ ಅಂತ ರಿಂಗ್ ಇದೆ, ಒಳಗೆ ಇಟ್ಟರೆ ಎತ್ತಿ ಹಿಡಿಯುತ್ತದೆ, ಅದನ್ನೂ ಕೇಳಿ. ಗರ್ಭಕೋಶ ತೆಗೆದರೂ ಕೆಳಗಿನ ಸ್ನಾಯು ಸಡಿಲವಾಗೇ ಇರುತ್ತದೆ, ಮುಂದೆ ಯೋನಿಯ ಮೇಲ್ಭಾಗವೋ ಮೂತ್ರಕೋಶವೋ ಜಾರಬಹುದು. ಮೂತ್ರ ಕಟ್ಟಿಕೊಂಡರೆ, ಹೊರಗೆ ಬಂದ ಭಾಗದಲ್ಲಿ ಹುಣ್ಣೋ ರಕ್ತವೋ ಕಂಡರೆ ಮಾತ್ರ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.