ಓದುಗರ ಪ್ರಶ್ನೆ: ಭರವಸೆ ಮೂಡಿಸಿ ಮರೆಯಾದ ಐರಿಷ್ ಬ್ಯಾಂಡ್‌ಗಳು

ಪ್ರಶ್ನೆ: ಪ್ರಸಿದ್ಧ ಐರಿಷ್ ರಾಕ್ ತಂಡವಾದ ಯು-ಟು ಕಾಲದಲ್ಲೇ ಭರವಸೆ ಮೂಡಿಸಿ, ಬಳಿಕ ಹಿಂದೆ ಸರಿದ ಐರ್ಲೆಂಡಿನ ಬ್ಯಾಂಡ್‌ಗಳು ಯಾವುವು?

ಉತ್ತರ: ಡಬ್ಲಿನ್‌ನ ಹಾಟ್‌ಹೌಸ್ ಫ್ಲವರ್ಸ್ ತಂಡದ ಮೊದಲ ಆಲ್ಬಂ 1988ರಲ್ಲಿ ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತಾದರೂ, ಆ ಎತ್ತರವನ್ನು ತಂಡ ಮತ್ತೆ ಮುಟ್ಟಲಿಲ್ಲ. ಆದರೆ ಹೆಚ್ಚು ಅನ್ಯಾಯವಾದದ್ದು ಕಾರ್ಕ್ ನಗರದ ಮೈಕ್ರೋಡಿಸ್ನಿ ತಂಡಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಶಾನ್ ಒ'ಹೇಗನ್ ಅವರ ಇಂಪಾದ ಸಂಯೋಜನೆಗೆ ಕಾಹಲ್ ಕಾಕ್ಲನ್ ಅವರು ಕಟುವಾದ, ಕೆಲವೊಮ್ಮೆ ಕ್ರುದ್ಧವಾದ ಸಾಹಿತ್ಯ ಬೆಸೆಯುತ್ತಿದ್ದರು. ಆ ಅಪರೂಪದ ಬೆಸುಗೆಯನ್ನು ವಿಮರ್ಶಕರು ಮೆಚ್ಚಿದರು, ದೊಡ್ಡ ಧ್ವನಿಮುದ್ರಣ ಕಂಪನಿಯಾದ ವರ್ಜಿನ್ ಕೂಡ ಒಪ್ಪಂದ ಮಾಡಿಕೊಂಡಿತು, ಆದರೆ ಆಲ್ಬಂಗಳು ನಿರೀಕ್ಷೆಯಂತೆ ಮಾರಾಟವಾಗದೆ 1988ರಲ್ಲಿ ತಂಡ ಒಡೆಯಿತು. 1985ರ ಅವರ ಆಲ್ಬಂ ಅನ್ನು ದಯವಿಟ್ಟು ಕೇಳಿ. 2018ರಲ್ಲಿ ಡಬ್ಲಿನ್‌ನ ನ್ಯಾಷನಲ್ ಕಾನ್ಸರ್ಟ್ ಹಾಲ್‌ನಲ್ಲಿ ತಂಡ ಮತ್ತೆ ಒಂದಾಗಿ ನುಡಿಸಿದ್ದು ಅದನ್ನೇ.