ಟಿವಿ ಕುಸ್ತಿಯಲ್ಲಿ ಎದುರಾಳಿ ಕಂಪನಿಯಿಂದ ಬಂದ ಸ್ಟಾರ್‌ಗಳನ್ನು ಹೇಗೆ ತೋರಿಸಬೇಕು?

ಅಲ್ಲಿ ಗಳಿಸಿದ ಹೆಸರನ್ನು ಮುಚ್ಚಿಡದೆ ಹೇಳಬೇಕು, ಬಂದ ಹೊಸದರಲ್ಲೇ ದೊಡ್ಡ ಗೆಲುವು ಕೊಡಬೇಕು. ಟಿವಿ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ನಿಗದಿ. ಹಾಗಾಗಿ ಹೊಸಬನ ತೂಕ ಎಷ್ಟು ಅಂತ ಕಂಪನಿಯೇ ತೋರಿಸಬೇಕು. ಅವನು ದೊಡ್ಡವನಾದಷ್ಟೂ ಮುಂದೆ ಅವನನ್ನು ಸೋಲಿಸುವವನ ಬೆಲೆ ಏರುತ್ತದೆ.

ಕಲಬುರಗಿ ಕಡೆ ಜಾತ್ರೆ ಕುಸ್ತಿ ನೋಡಿದ್ದೀರಲ್ವಾ? ಬೆಳ್ಳಿ ಕಡಗದ ಕೊನೆ ಜೋಡಿ ಇಳಿಯುವಾಗ, ಸೊಲ್ಲಾಪುರದ ಪೈಲ್ವಾನ ಎಲ್ಲೆಲ್ಲಿ ಗೆದ್ದಿದ್ದಾನೆ ಅಂತ ಮೈಕಿನಲ್ಲಿ ಸಾರುತ್ತಾರೆ. ಆಮೇಲೆ ಊರ ಹುಡುಗ ಅವನನ್ನು ಚಿತ್ ಮಾಡಿದರೆ ಜನ ಹುಚ್ಚೆದ್ದು ಕುಣಿಯುತ್ತಾರೆ.

1991ರಲ್ಲಿ ಅಮೆರಿಕದ ಕುಸ್ತಿ ಸ್ಟಾರ್ ರಿಕ್ ಫ್ಲೇರ್ ಹಳೆ ಕಂಪನಿಯ ಚಾಂಪಿಯನ್ ಬೆಲ್ಟ್ ಹಿಡಿದೇ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಕಂಪನಿಗೆ ಬಂದರು. 1992ರ ಜನವರಿಯಲ್ಲಿ ಹಲವರು ಒಟ್ಟಿಗೆ ಸೆಣಸುವ ರಾಯಲ್ ರಂಬಲ್ ಗೆದ್ದು ಚಾಂಪಿಯನ್ ಆದರು. 2001ರಲ್ಲಿ ಅದೇ ಡಬ್ಲ್ಯುಡಬ್ಲ್ಯುಎಫ್‌ನಲ್ಲಿ ಉಲ್ಟಾ ಆಯ್ತು. ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುನಲ್ಲಿ ಚಾಂಪಿಯನ್ ಆಗಿದ್ದ ಡೈಮಂಡ್ ಡಲ್ಲಾಸ್ ಪೇಜ್ ಅವರನ್ನು ಸುಮ್ನೆ ಡಬ್ಲ್ಯುಡಬ್ಲ್ಯುಎಫ್ ಸ್ಟಾರ್ ಅಂಡರ್‌ಟೇಕರ್ ಹೆಂಡತಿಯ ಬೆನ್ನು ಬೀಳುವವನ ಪಾತ್ರಕ್ಕೆ ಇಳಿಸಿ, ಸೋಲಿಸಿ ಕೈತೊಳೆದುಕೊಂಡರು.